ಸಾವಿರದೊಳಗೊಂದು ಸ್ಪೀಕರು, ಅಥವಾ ಸೊಳ್ಳೆ ಇಲ್ಲದ ವರ್ಷ

೧

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ?

ಮೊದಲ ಕರಡಿನಲ್ಲಿ ಮಗ್ಗದ ಸದ್ದಿನಿಂದ ಎತ್ತಿಕೊಂಡಿದ್ದೆ. ‘ಇಳಕಲ್ಲಿನ ಮುಂಜಾವು ಲಾಳಿಯ ಲಯಕ್ಕೆ ಕಣ್ಣು ಬಿಡುತ್ತದೆ’ ಅಂತೊಂದು ವಾಕ್ಯ. ಮರುದಿನ ಓದಿದರೆ ಪ್ರವಾಸಿಗರಿಗೆ ಹಂಚುವ ಕರಪತ್ರದ ಹಾಗಿತ್ತು. ಹೊಡೆದುಹಾಕಿದೆ. ಎರಡನೆಯ ಕರಡಿನಲ್ಲಿ ಸೀದಾ ಅಂಗಡಿಗೇ ನುಗ್ಗಿದೆ: ‘ಸಾವಿರ ರೂಪಾಯಿಯೊಳಗೆ ಒಳ್ಳೆಯ ಕಂಪ್ಯೂಟರ್ ಸ್ಪೀಕರ್ ಯಾವುದು?’ ಇದು ಕಥೆಯೋ ಯೂಟ್ಯೂಬಿನ ರಿವ್ಯೂವೋ ಎಂದು ನನಗೇ ಅನುಮಾನ ಬಂತು. (ಲೈಕ್ ಮಾಡಿ, ಶೇರ್ ಮಾಡಿ ಅನ್ನುವುದೊಂದೇ ಬಾಕಿ ಇತ್ತು.)

ನಿಮಗೂ ಅನ್ನಿಸುತ್ತಿರಬಹುದು, ಸ್ಪೀಕರ್ ಕೊಳ್ಳುವುದರಲ್ಲಿ ಅಂಥದ್ದೇನಿದೆ ಕಥೆ ಬರೆಯುವಂಥದ್ದು? ನನಗೂ ಹಾಗೇ ಅನ್ನಿಸಿತ್ತು. ತಮಾಷೆಗೆಂದೇ ಕೂತಿದ್ದೆ. ಅಬೇದಾ ಅಂತ ಒಬ್ಬ ಹೆಂಗಸನ್ನು ಹುಟ್ಟಿಸಿದೆ. ಅವಳಿಗೆ ಇಳಕಲ್ಲಿನಲ್ಲಿ ಮನೆ ಕೊಟ್ಟೆ, ನಲವತ್ತು ದಾಟಿದ ವಯಸ್ಸು ಕೊಟ್ಟೆ, ಹುನಗುಂದದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡ ಮುನಾಫ ಎಂಬ ಗಂಡನನ್ನೂ ಕೊಟ್ಟೆ. ಕೈಯಲ್ಲಿ ಚೂರು ದುಡ್ಡು, ಊರೂರು ಅಲೆದಾಟ, ಅಂಗಡಿಯವರ ಬಡಾಯಿ, ಕೊನೆಗೊಂದು ಸ್ಪೀಕರು. ನಕ್ಕು ಮುಗಿಸಬಹುದಾದ ಕಥೆ.

ಮೂರನೆಯ ಪುಟಕ್ಕೆ ಬಂದಾಗ ಅಬೇದಾ ತಲೆ ಎತ್ತಿ ನನ್ನನ್ನು ನೋಡಿದಳು.

“ಅಕ್ಕಾರ, ನೀವು ನಗಾಕತ್ತೀರಿ. ನನಗಿಲ್ಲಿ ಕೈಕಾಲು ತಣ್ಣಗಾಗ್ಯಾವು.”

ಆ ಮೂರೂ ಪುಟ ಹರಿದೆ. ಅವಳು ಹೇಳಿದಲ್ಲಿಂದ ಮತ್ತೆ ಶುರು ಮಾಡುತ್ತಿದ್ದೇನೆ.

೨

ಅಬೇದಾ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಶಾರ್ಜಾ, ದೋಹಾ, ಮಸ್ಕತ್ತುಗಳಲ್ಲಿ ನೆಲೆಸಿದ ನಮ್ಮ ಕಡೆಯವರ ಮಕ್ಕಳು. ಪಾಠವೆಂದರೆ ಅರಬ್ಬಿ ಓದು, ತಜ್ವೀದು. ಧರ್ಮಗ್ರಂಥ ಓದುವಾಗ ಒಂದೊಂದು ಅಕ್ಷರವನ್ನೂ ಅದರ ಜಾಗದಿಂದಲೇ ಹೊರಡಿಸುವ ಶಿಸ್ತು. ನಮಗೆ ಒಂದೇ ‘ಸ’ ಎಂದು ಕೇಳುವ ಕಡೆ ಅಲ್ಲಿ ಮೂರು ಇವೆ. ಸೀನ್ ಬೇರೆ, ಬಾಯಿ ತುಂಬಿ ಬರುವ ಸ್ವಾದ್ ಬೇರೆ, ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಊದುವ ಸಾ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಅರ್ಥವೇ ಹೊರಳುತ್ತದೆ. ಮಗು ತಪ್ಪಿದರೆ ಅದು ಮಗುವಿನ ಪಾಪವಲ್ಲ, ತಿದ್ದದೆ ಬಿಟ್ಟವರ ಕೊರಳಿಗೆ ಬೀಳುತ್ತದೆ ಎಂದು ಅಬೇದಾ ನಂಬಿದವಳು.

ಅವಳ ಕಿವಿ ಓಣಿಗೇ ಹೆಸರಾದದ್ದು. ಮೊದಲು ನೆರೆಯ ಮಕ್ಕಳು ಮನೆಗೇ ಬರುತ್ತಿದ್ದಾಗ, ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಪಡಸಾಲೆಯಲ್ಲಿ ಓದುವವರು ತಪ್ಪಿದರೆ ಅಲ್ಲಿಂದಲೇ “ಹೂಂ?” ಎನ್ನುತ್ತಿದ್ದಳು. ಅಷ್ಟು ಸಾಕು, ಮಗು ಹಿಂದಕ್ಕೆ ಹೋಗಿ ಮತ್ತೆ ಓದುತ್ತಿತ್ತು.

(ಒಂದು ಮಾತು. ಅವರ ಮನೆಯಲ್ಲಿ ನಡೆಯುವುದು ಉರ್ದು ಬೆರೆತ ಮಾತು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಡೆದೀತಾ ಎಂದು ಕೇಳಿದೆ. “ಬಜಾರದಾಗ ನಾ ಕನ್ನಡಾನ ಮಾತಾಡ್ತೇನ್ರಿ, ಬರೀರಿ” ಎಂದಳು.)

ಆ ದಿನ ಶಾರ್ಜಾದಿಂದ ಆಯೇಶಾಳ ವಾಯ್ಸ್ ಮೆಸೇಜು ಬಂತು. ಆಯೇಶಾ ಬಾದಾಮಿಯ ಹುಡುಗಿ. ಗಂಡನ ಕೆಲಸ ಅಲ್ಲಿ. ಅವಳ ಮಗ ತೌಸಿಫ, ಮುಂದಿನ ಹಲ್ಲು ಬಿದ್ದಿರುವ ವಯಸ್ಸಿನವನು, ಅಬೇದಾಳ ಶಿಷ್ಯ.

“ಆಪಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ತೌಸಿಫ ಸೀನ್ ಇದ್ದ ಕಡೆ ಎಲ್ಲಾ ಸಾ ಅನ್ನಾಕತ್ತಾನ. ಹಲ್ಲು ಬಿದ್ದಾವಲ್ರಿ, ಅದಕ್ಕ ಇರಬೇಕು. ನಿನ್ನೆ ನೀವು ಒಮ್ಮೆನೂ ತಡೀಲಿಲ್ಲ. ಕಡೀಕ ಶಾಬಾಶ್ ಅಂದ್ರಿ.”

ಅಬೇದಾ ನಿನ್ನೆಯ ಪಾಠದ ರೆಕಾರ್ಡಿಂಗ್ ತೆಗೆದು ಕೇಳಿದಳು. ಹುಡುಗ ಎಲ್ಲೂ ತಪ್ಪಿರಲಿಲ್ಲ. ಪ್ರತಿ ಸೀನೂ ಸೀನೇ ಆಗಿತ್ತು. ಮತ್ತೆ ಕೇಳಿದಳು. ವಾಲ್ಯೂಮ್ ಪೂರ್ತಿ ಏರಿಸಿ ಕೇಳಿದಳು. ಆಯೇಶಾ ಸುಳ್ಳು ಹೇಳುವ ಹೆಂಗಸಲ್ಲ. ಹಾಗಾದರೆ?

“ಆ ಲ್ಯಾಪ್‌ಟಾಪಿನ ಸ್ಪೀಕರ್ ಅಂದ್ರ ತಗಡಿನ ಡಬ್ಬಿ,” ಎಂದ ಮುನಾಫ. “ಸಣ್ಣ ಸೌಂಡ್ ಎಲ್ಲಾ ನುಂಗಿಬಿಡ್ತೈತಿ. ಹೊರಗ ಹಚ್ಚೂದು ಒಂದು ಜೋಡಿ ತಗೋ. ಸಾವಿರದೊಳಗ ಚಲೋವು ಬರ್ತಾವು.”

ಅಬೇದಾಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೌದಲ್ಲ, ಸ್ಪೀಕರಿನದೇ ತಪ್ಪು. ಯಂತ್ರದ ತಪ್ಪಾದರೆ ಯಂತ್ರ ಬದಲಿಸಿದರಾಯಿತು.

೩

ಇಳಕಲ್ಲಿನ ಬಜಾರದಲ್ಲಿ ಯಮನೂರನ ಅಂಗಡಿ. ಮೊಬೈಲು, ಚಾರ್ಜರು, ಕಂಪ್ಯೂಟರಿನ ಬಿಡಿಭಾಗ ಎಲ್ಲ ಮಾರುತ್ತಾನೆ. ಅಬೇದಾ ಸ್ಪೀಕರ್ ಎಂದ ಕೂಡಲೇ ಅವನು ದೊಡ್ಡ ಡಬ್ಬಿಯೊಂದನ್ನು ಗಲ್ಲೆಯ ಮೇಲೆ ಇಟ್ಟು ಹಾಡು ಹಚ್ಚಿದ. ಮೇಲಿಟ್ಟಿದ್ದ ಚಹಾದ ಲೋಟ ತಾನಾಗಿ ನಡೆಯತೊಡಗಿತು.

“ವೂಫರ್ ನೋಡ್ರಿ ಆಪಾ! ಎದಿ ಢವಢವ ಅಂತೈತಿ!”

“ನನಗ ಹಾಡು ಬ್ಯಾಡೋ ತಮ್ಮಾ. ಮಾತು ಬೇಕು. ಸಣ್ಣ ಹುಡುಗನ ಮಾತು.”

“ಮಾತಿಗ್ಯಾಕ್ರಿ ಸ್ಪೀಕರು? ಮಾತು ಹಂಗ ಕೇಳ್ತಾವಲ್ರಿ!”

(ಹರಿದ ಕರಡಿನಲ್ಲಿ ಈ ಯಮನೂರನದೇ ಒಂದೂವರೆ ಪುಟ ಇತ್ತು. ಒಳ್ಳೆಯ ನಗೆಪಾತ್ರ. ಈಗ ಈ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ತೆಗೆದಿದ್ದೇನೆ, ಏಕೆಂದರೆ ಅಬೇದಾಳ ನೆನಪಿನಲ್ಲಿ ಉಳಿದದ್ದು ಈ ಮಾತೊಂದೇ.)

ಅವಳು ಫೋನಿನಲ್ಲಿದ್ದ ತೌಸಿಫನ ಪಾಠವನ್ನು ಹಚ್ಚಲು ಹೇಳಿದಳು. ವೂಫರಿನಲ್ಲಿ ಹುಡುಗ ಕೊಡದೊಳಗೆ ಕೂತು ಓದಿದಂತಿತ್ತು. “ಇದು ಬ್ಯಾಡ.” ಯಮನೂರ ಅಂಗೈಯಗಲದ ಎರಡು ಸ್ಪೀಕರ್ ಕೊಟ್ಟ, ಯುಎಸ್‌ಬಿಗೆ ಸಿಕ್ಕಿಸುವಂಥವು. ದನಿ ಬಿಡಿಸಿ ಕೇಳಿತು. ಆದರೆ ಸೀನ್ ಸೀನೇ. “ಇದೂ ಬ್ಯಾಡ.” ಅಡ್ಡಕ್ಕೆ ಉದ್ದವಾದ ಒಂದು ಪಟ್ಟಿಯಂಥದ್ದು ಬಂತು. ಅದರಲ್ಲೂ ಸೀನೇ.

“ಆಪಾ, ಎಲ್ಲಾದ್ರಾಗೂ ಅಂವ ಒಂದ ನಮೂನಿ ಓದಾಕತ್ತಾನಲ್ರಿ. ನಿಮಗ ಬೇಕಾಗಿದ್ದು ಏನು?”

ತನಗೆ ಬೇಕಾಗಿದ್ದದ್ದು ಒಂದು ತಪ್ಪು ಎಂದು ಅಬೇದಾ ಹೇಳಲಿಲ್ಲ. ಆ ಹುಡುಗನ ತಪ್ಪನ್ನು ಹೆಕ್ಕಿ ಕೊಡುವ ಸ್ಪೀಕರ್ ಬೇಕಿತ್ತು. “ಬಾಗಲಕೋಟಿಗೆ ಹೋಗಿ ನೋಡ್ತೇನಪ್ಪ,” ಎಂದು ಮೆಟ್ಟಿಲಿಳಿದಳು.

೪

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಹುಡುಗರು ಓಡಾಡುವ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ. ಗಲ್ಲೆಯಲ್ಲಿ ಪ್ರಿಯದರ್ಶಿನಿ ಎಂಬ ಹುಡುಗಿ ಇದ್ದಳು, ಅಂಗಡಿಯ ಒಡೆಯರ ಮಗಳು. ಯಮನೂರನ ಹಾಗೆ ಮೊದಲೇ ಡಬ್ಬಿ ಇಳಿಸಲಿಲ್ಲ.

“ಯಾತಕ್ಕ ಬೇಕ್ರಿ ಮೇಡಂ? ಹಾಡಿಗೋ, ಪಿಚ್ಚರ್ ನೋಡಾಕೋ?”

“ಪಾಠಕ್ಕ.”

“ಹಂಗಾದ್ರ ವೂಫರ್ ಬ್ಯಾಡ್ರಿ, ಸುಮ್ನ ರೊಕ್ಕ ದಂಡ. ಈ ಎರಡು ಪೀಸಿಂದು ನೋಡ್ರಿ, ಸಾವಿರದೊಳಗ ಐತಿ. ಇವನ್ನ ಕಿವಿ ಎತ್ತರಕ್ಕ ಇಡ್ರಿ, ಗ್ವಾಡಿಗೆ ಒತ್ತಬ್ಯಾಡ್ರಿ. ಮಾತು ಹಲ್ಲು ಎಣಿಸಿದಂಗ ಕೇಳ್ತಾವು.”

ಅಬೇದಾಳಿಗೆ ಹುಡುಗಿ ಹಿಡಿಸಿದಳು. ಇವಳಿಗೆ ಕೆಲಸ ಗೊತ್ತು, ಇಲ್ಲಿ ಬಗೆಹರಿಯುತ್ತದೆ ಅನ್ನಿಸಿತು.

“ತಡೀರಿ, ಒಂದು ಟೆಸ್ಟ್ ಹಾಕ್ತೇನಿ,” ಎಂದಳು ಪ್ರಿಯದರ್ಶಿನಿ. “ಕೆಳಗಿಂದ ಮ್ಯಾಲಿನ ತನಕ ಒಂದ ಸೌಂಡ್ ಏರ್ಕೋತ ಹೋಗ್ತೈತಿ. ಚಲೋ ಸ್ಪೀಕರ್ ಆದ್ರ ನಡುವ ಎಲ್ಲೂ ಕಡಿಯಂಗಿಲ್ಲ.”

ಪರದೆಯ ಮೇಲೆ ಒಂದು ಸಂಖ್ಯೆ ಏರತೊಡಗಿತು. ಮೊದಲು ದೂರದ ಲಾರಿಯ ಗುರುಗುಟ್ಟುವಿಕೆ. ಅದು ತೆಳ್ಳಗಾಗುತ್ತ ಮನುಷ್ಯರ ದನಿಯಷ್ಟಾಯಿತು, ಕೊಳಲಿನಷ್ಟಾಯಿತು, ಸೀಟಿಯಷ್ಟಾಯಿತು. ಸೀಟಿ ಸಪೂರವಾಗಿ ದಾರವಾಯಿತು. ದಾರ ಕಡಿಯಿತು.

ಅಂಗಡಿ ಥಟ್ಟನೆ ಮೌನವಾಯಿತು. ಸಂಖ್ಯೆ ಮಾತ್ರ ಏರುತ್ತಲೇ ಇತ್ತು.

‘ಕಡೀತು ನೋಡವ್ವ, ಈ ಸ್ಪೀಕರೂ ಸುಳ್ಳು’ ಎನ್ನಲು ಅಬೇದಾ ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಲ್ಲಿ ಪೆನ್‌ಡ್ರೈವ್ ನೋಡುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಅವಳ ಗೆಳತಿ ಹುಣಸೆಹಣ್ಣು ತಿಂದವಳಂತೆ ಮುಖ ಕಿವಿಚಿದಳು. ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ತಲೆ ಎತ್ತಿತು. ಪ್ರಿಯದರ್ಶಿನಿ ಕೂಡ ಒಂದು ಕಣ್ಣು ಮುಚ್ಚಿಕೊಂಡು, “ಸಾಕೇನ್ರಿ ಮೇಡಂ? ಕಿವಿ ಹರೀತೈತಿ” ಎಂದಳು.

ಎಲ್ಲರೂ ಏನನ್ನೋ ಕೇಳುತ್ತಿದ್ದರು. ಅಬೇದಾಳ ಸುತ್ತ ಮಾತ್ರ ಏನೂ ಇರಲಿಲ್ಲ.

(ಇಲ್ಲಿ ನಾನು ಅವಳಿಂದ ಒಂದು ಚೀತ್ಕಾರ ಹೊರಡಿಸಿದ್ದೆ. “ಯಾರ್ರಿ ಅಂಗಡ್ಯಾಗ ಕಿರಚತಾರ?” ಎಂದು ಅಬೇದಾ ಅದನ್ನು ಹೊಡೆದುಹಾಕಿಸಿದಳು.)

ಅವಳು ಮಾಡಿದ್ದು ಇಷ್ಟೇ. ತಾನೂ ಒಂದಿಷ್ಟು ಮುಖ ಕಿವಿಚಿದಳು. “ಸಾಕವ್ವ. ಚಲೋ ಐತಿ. ಎಲ್ಲೂ ಕಡೀಲಿಲ್ಲ,” ಎಂದಳು. ಹಣ ಕೊಟ್ಟು ಚೀಲ ಹಿಡಿದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

೫

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ತನ್ನನ್ನೇ ತಪಾಸಣೆ ಮಾಡತೊಡಗಿದಳು. ಕಂಡಕ್ಟರನ ಸೀಟಿ ಕೇಳಿತು. ಎಂಜಿನ್ನು ಕೇಳಿತು. ಹಿಂದಿನ ಸೀಟಿನಲ್ಲಿ ಇಬ್ಬರ ಜಗಳ ಕೇಳಿತು. ಹಾಗಾದರೆ ಕಿವಿ ಸರಿಯಾಗಿಯೇ ಇದೆಯಲ್ಲ! ಬೆರಳುಗಳನ್ನು ಕಿವಿಯ ಹತ್ತಿರ ಉಜ್ಜಿದಳು. ಇಲ್ಲ. ಮಡಿಲಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಹಿಸುಕಿದಳು. ಚೀಲ ಅರಿವೆಯ ಹಾಗೆ ಮೆತ್ತಗೆ ಮುದುಡಿತು. ಅದು ಚರಚರ ಅನ್ನುವುದಿಲ್ಲವೇ? ಅನ್ನುತ್ತಿತ್ತಲ್ಲ?

ಆಗ ಸೊಳ್ಳೆ ನೆನಪಾದವು.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಅವಳು ಮುನಾಫನಿಗೆ ಹೇಳಿದ್ದಳು, “ಈ ವರ್ಷ ಸೊಳ್ಳಿನ ಇಲ್ಲ ನೋಡ್ರಿ. ಮುನಸಿಪಾಲ್ಟಿಯವರು ಚಲೋ ಔಷಧ ಹೊಡದಾರ.” ಮುನಾಫ ಆಗ ಮೊಣಕೈ ಕೆರೆದುಕೊಳ್ಳುತ್ತಿದ್ದ. ಅವಳ ಮುಖ ನೋಡಿದ. ಮತ್ತೆ ಕೆರೆದುಕೊಂಡ.

ಬಸ್ಸು ಹುನಗುಂದ ಹೊಕ್ಕಿತು. ಮುನಾಫನ ಅಂಗಡಿಯ ಮುಂದೆಯೇ ಹಾದುಹೋಯಿತು. ಅವನು ಬಗ್ಗಿ ಏನೋ ಕೆಲಸದಲ್ಲಿದ್ದ. ಅವಳು ಇಳಿಯಲಿಲ್ಲ.

ಅವಳ ಹೆದರಿಕೆ ಕಿವುಡಿನದಷ್ಟೇ ಆಗಿದ್ದರೆ ನಾನು ಇಷ್ಟು ಕಷ್ಟಪಡುತ್ತಿರಲಿಲ್ಲ. ಅಬೇದಾ ಕಿವುಡನ್ನು ಹತ್ತಿರದಿಂದ ನೋಡಿ ಬೆಳೆದವಳು. ಅವಳ ತಂದೆ ದಸ್ತಗೀರಸಾಬರದು ಪವರ್‌ಲೂಮಿನ ಕೆಲಸ. ಮನೆಗೆ ಹೊಂದಿಕೊಂಡೇ ಮಗ್ಗದ ಶೆಡ್ಡು. ಅಬೇದಾ ಸಣ್ಣವಳಿದ್ದಾಗ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ದಸ್ತಗೀರಸಾಬರ ಕಿವಿ ಮೆಲ್ಲಮೆಲ್ಲಗೆ ಹೋಯಿತು. ಹೋದದ್ದಕ್ಕೆ ಮನೆಯಲ್ಲಿ ಯಾರೂ ಅವರನ್ನು ಬೈಯಲಿಲ್ಲ, ಹಂಗಿಸಲಿಲ್ಲ. ಹೇಳುವುದನ್ನು ಬಿಟ್ಟರು, ಅಷ್ಟೇ. ಊಟಕ್ಕೆ ಕೂತಾಗ ಎಲ್ಲ ನಗುತ್ತಿದ್ದರೆ ಅವರೂ ನಗುತ್ತಿದ್ದರು. ಆಮೇಲೆ ಪಕ್ಕದವರ ತೋಳು ಮುಟ್ಟಿ “ಏನಾತು?” ಎನ್ನುತ್ತಿದ್ದರು. “ಏನಿಲ್ಲ ಬಿಡ್ರಿ ಅಬ್ಬಾ.” ದೊಡ್ಡ ಸುದ್ದಿ ಮಾತ್ರ ಅವರಿಗೆ ಮುಟ್ಟುತ್ತಿತ್ತು: ಮದುವೆ, ಸಾವು. ಚಿಕ್ಕ ಮಾತು ಒಂದೂ ಮುಟ್ಟುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಆ ಮನೆಯಲ್ಲಿ ಬಾಡಿಗೆಗೆ ಇದ್ದವರ ಹಾಗೆ ಇದ್ದರು.

ಬಸ್ಸಿನಲ್ಲಿ ಅಬೇದಾ ಮತ್ತೆ ಚೀಲ ಹಿಸುಕಿದಳು. ಇನ್ನೂ ಜೋರಾಗಿ.

೬

ಹೊಸ ಸ್ಪೀಕರುಗಳನ್ನು ಪ್ರಿಯದರ್ಶಿನಿ ಹೇಳಿದಂತೆಯೇ ಕಿವಿಯ ಎತ್ತರಕ್ಕೆ ಇಟ್ಟಳು. ಗೋಡೆಗೆ ಒತ್ತಲಿಲ್ಲ. ಸಂಜೆ ತೌಸಿಫ ಪರದೆಯ ಮೇಲೆ ಬಂದ, ಹಲ್ಲಿಲ್ಲದ ನಗೆ ನಕ್ಕ, ಓದತೊಡಗಿದ.

ದನಿ ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು. ಆದರೆ ಪ್ರತಿ ‘ಸ’ ಬಂದಾಗಲೂ ಅವಳು ಪರದೆಯ ಕಡೆ ಬಾಗುತ್ತಿದ್ದಳು. ಇದು ಯಾವುದು? ಸೀನೋ, ಸಾ ಅಕ್ಷರವೋ? ಮೊದಲೆಲ್ಲ ಕಿವಿಗೆ ಕೇಳಿದ್ದನ್ನು ನಂಬಿದ್ದಳು. ಈಗ ಅದನ್ನು ನಂಬುವ ಹಾಗಿಲ್ಲ. ಸುಮ್ಮನೆ ಬಿಡುವಂತಿಲ್ಲ, ಆಯೇಶಾ ಕೇಳಿಸಿಕೊಳ್ಳುತ್ತಿರಬಹುದು.

“ಹೂಂ? ಮತ್ತೊಮ್ಮೆ,” ಎಂದಳು, ಅಂದಾಜಿನ ಮೇಲೆ.

ಹುಡುಗ ಮತ್ತೊಮ್ಮೆ ಓದಿದ.

“ಅಲ್ಲ. ಸೀನ್.”

ಹುಡುಗ ಓದಿದ. ಅವಳು ಮತ್ತೆ ತಡೆದಳು. ಇನ್ನೊಂದು ಕಡೆಯೂ ತಡೆದಳು. ತೌಸಿಫ ನಿಧಾನವಾಗಿ, ನಾಲಗೆಯನ್ನು ಬಾಯೊಳಗೆ ಎಲ್ಲೆಲ್ಲೋ ಹೊರಳಿಸಿ ನೋಡತೊಡಗಿದ. ದನಿ ಸಣ್ಣದಾಯಿತು. ಕಣ್ಣಲ್ಲಿ ನೀರು ತುಂಬಿತು.

“ಆಪಾ, ನಾ ಅದ ಅನ್ನಾಕತ್ತೇನಲ್ರಿ… ಅಮ್ಮಿ ನಿನ್ನೆ ಕಲಿಸ್ಯಾಳ.”

ಅವನು ಸರಿಯಾಗಿ ಓದುತ್ತಿದ್ದ. ಅವಳು ಸರಿಯನ್ನು ತಪ್ಪು ಮಾಡುತ್ತಿದ್ದಳು.

ಅಬೇದಾ ಲ್ಯಾಪ್‌ಟಾಪ್ ಮುಚ್ಚಿದಳು. ‘ನೆಟ್ ಹೋಗೇತಿ’ ಎಂದು ಆಯೇಶಾಗೆ ಮೆಸೇಜು ಹಾಕಿ ಅಲ್ಲೇ ನೆಲದ ಮೇಲೆ ಕೂತಳು. ತನಗೆ ತಿಳಿಯದೆ ಎಷ್ಟು ಮಕ್ಕಳ ಎಷ್ಟು ಓದು ಕೆಡಿಸಿದ್ದೇನೋ ಎಂಬ ಯೋಚನೆ ಬಂತು. ಅದಕ್ಕೆ ತಳ ಸಿಗಲಿಲ್ಲ.

೭

ಮರುದಿನ ಬೆಳಗ್ಗೆ ಮುನಾಫ ಚಹಾ ಕುಡಿಯುತ್ತಿದ್ದ. ಹೊರಗೆ ಬೈಕು ತೆಗೆದು ನಿಲ್ಲಿಸಿದ್ದ. ಅಬೇದಾ ಅವನ ಮುಂದೆ ಬಂದು ನಿಂತಳು.

“ನೀವು ಬಾಗಲದಾಗ ನಿಂತು ಸಣ್ಣ ದನ್ಯಾಗ ಏನರ ಹೇಳ್ರಿ. ನಾ ಗ್ವಾಡಿ ಕಡೆ ಮುಖ ಮಾಡ್ತೇನಿ.”

ಮುನಾಫ ಲೋಟ ಕೆಳಗಿಟ್ಟ. “ಬ್ಯಾಡ.”

“ಯಾಕ?”

“ನಿನಗ ಕೇಳಂಗಿಲ್ಲ.”

ಅವಳು ಅವನನ್ನೇ ನೋಡಿದಳು. “ನಿಮಗ ಹೆಂಗ ಗೊತ್ತು?”

“ವರ್ಷದ ಮ್ಯಾಲಾತು, ಅಬೇದಾ. ಹಿಂದಿಂದ ಕರದ್ರ ನೀ ಹೊಳ್ಳಂಗಿಲ್ಲ. ಅದಕ್ಕ ನಾ ಮುಂದ ಬಂದು ಮಾತಾಡ್ತೇನಿ. ನೀ ಅಂಜ್ತಿ ಅಂತ ಹೇಳಲಿಲ್ಲ.”

“ಮತ್ತ ಸ್ಪೀಕರ್ ತಗೋ ಅಂದ್ರಿ!”

“ನಾನೂ ಅಂಜಿದ್ನಿ. ಖರೇನ ಸ್ಪೀಕರಿಂದ ಇದ್ದೀತು ಅನ್ಕೊಂಡ್ನಿ.”

(ಇಲ್ಲಿ ಓದುಗರು ಮುನಾಫನಿಗಾಗಿ ಕರಗುವ ಹಾಗೆ ಬರೆಯಬೇಕೆಂದು ನನಗೆ ಆಸೆ. ಒಳ್ಳೆಯ ಗಂಡ. ಆದರೆ ಅಬೇದಾಗೆ ಆಗ ಅವನು ಒಳ್ಳೆಯವನಾಗಿ ಕಾಣಲಿಲ್ಲ.)

“ಅಂದ್ರ ನೀವೂ ಸುರು ಮಾಡೀರಿ,” ಎಂದಳು. “ವರ್ಷದಾಗ ನನಗ ಹೇಳದ ಏನೇನು ಬಿಟ್ಟೀರಿ?”

“ಏನಿಲ್ಲ… ಸಣ್ಣ ಸಣ್ಣವು.”

“ಸಣ್ಣವನ್ನ ಹೇಳ್ರಿ.”

ಮುನಾಫ ಬಾಗಿಲ ಕಡೆ ನೋಡಿದ, ಬೈಕಿನ ಕಡೆ ನೋಡಿದ. ಆಮೇಲೆ ಅವಳ ಎದುರು ನೆಲದ ಮೇಲೆ ಕೂತ. ಹುಡುಕಿ ಹುಡುಕಿ ಹೇಳಿದ. ಆಚೆಮನೆಯ ರೇಣವ್ವ ಗೋಡೆಯ ಆಚೆಯಿಂದ ಕರೆದು ಕರೆದು ಸಾಕಾಗಿ ಸಿಟ್ಟಾಗಿದ್ದಾಳೆ. ತಾನು ಏನೋ ಹೇಳಿ ಸಮಾಧಾನ ಮಾಡಿದ್ದೇನೆ. ಗ್ಯಾಸಿನ ಒಲೆ ಎರಡು ಸಲ ಹತ್ತದೆ ಸುಯ್ ಅನ್ನುತ್ತಿತ್ತು. ತಾನೇ ಗುಂಡಿ ತಿರುವಿ ಬಂದ್ ಮಾಡಿದ್ದೇನೆ. ಸೊಳ್ಳೆ ಬೇಕಾದಷ್ಟಿವೆ.

ಕೊನೆಗೆ ಇನ್ನೊಂದು ಹೇಳಿದ.

“ಒಂದಿನ ನೀ ರೊಟ್ಟಿ ಬಡ್ಯಾಕತ್ತಿದ್ದಿ. ಬಾಗಲದಾಗ ನಿಂತು, ಇವತ್ತ ಭಾಳ ಚಂದ ಕಾಣಾಕತ್ತಿ ಅಂದ್ನಿ. ನೀ ಹೊಳ್ಳಲಿಲ್ಲ. ಮುಂದ ಬಂದು ಹೇಳಾಕ ನಾಚಿಕಿ ಬಂತು. ಬಿಟ್ನಿ.”

ಅಬೇದಾ ಅತ್ತದ್ದು ಆವಾಗ.

೮

ಬಾಗಲಕೋಟೆಯ ಒಂದು ದವಾಖಾನೆ. ಗಾಜಿನ ಕಿಟಕಿಯ ಸಣ್ಣ ಕೋಣೆ. ಕಿವಿಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಅಬೇದಾ ಚೆನ್ನಾಗಿಯೇ ಒತ್ತುತ್ತಿದ್ದಳು. ಸದ್ದು ಕಳಿಸುವಾಗ ಆಚೆ ಕೂತ ಟೆಕ್ನಿಷಿಯನ್ನನ ಭುಜ ಚೂರು ಅಲುಗುವುದನ್ನು ಅವಳು ಗಾಜಿನಲ್ಲಿ ಕಂಡುಕೊಂಡಿದ್ದಳು. ಏನೂ ಕೇಳದಿದ್ದಾಗಲೂ ಭುಜ ನೋಡಿ ಒತ್ತುತ್ತಿದ್ದಳು. ಹೆದರಿಕೆ ಮನುಷ್ಯರನ್ನು ಎಂಥ ಕಳ್ಳರನ್ನಾಗಿ ಮಾಡುತ್ತದೆ ನೋಡಿ. ಅವನು ಎದ್ದುಬಂದು ಅವಳ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದ.

“ಈಗ ಹೇಳ್ರಿ ಅಮ್ಮಾರ.”

ಗೋಡೆ ಬೆಳ್ಳಗಿತ್ತು. ಗುಂಡಿಯ ಮೇಲೆ ಹೆಬ್ಬೆರಳು ಬೆವರಿತು. ಏನೂ ಬರಲಿಲ್ಲ. ಮತ್ತೂ ಬರಲಿಲ್ಲ.

ಆಮೇಲೆ ಕೈಗೆ ಕೊಟ್ಟ ನಕ್ಷೆಯಲ್ಲಿ ಒಂದು ಗೆರೆ ಅರ್ಧದವರೆಗೆ ನೆಟ್ಟಗೆ ಹೋಗಿ ಮುಂದೆ ಕೆಳಗೆ ಬಿದ್ದಿತ್ತು, ಬಾದಾಮಿಯ ಬಂಡೆ— (ಬೇಡ. ಕೆಳಗೆ ಬಿದ್ದಿತ್ತು, ಅಷ್ಟು ಸಾಕು.) ಡಾಕ್ಟರು ಬಿಡಿಸಿ ಹೇಳಿದರು. ನರದ ದೋಷ. ಸಣ್ಣಂದಿನಲ್ಲಿ ಮಗ್ಗದ ಸದ್ದಿಗೆ ಕೂತದ್ದೂ ಕಾರಣ ಇದ್ದೀತು. ಹೋದದ್ದು ಬರುವುದಿಲ್ಲ. ಕಿವಿಯ ಮಿಷನ್ನು ಹಾಕಿಕೊಂಡರೆ ಮಾತು ಕೇಳುವುದು ಎಷ್ಟೋ ಸುಧಾರಿಸು‌ತ್ತದೆ.

“ಸೀನ್, ಸಾ, ಸ್ವಾದ್?” ಎಂದಳು ಅಬೇದಾ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಜೊತೆಗೆ ಬಂದಿದ್ದ ಮುನಾಫ ವಿವರಿಸಿದ.

“ಅಷ್ಟು ಸೂಕ್ಷ್ಮ ತಿಳೀತೈತೋ ಇಲ್ಲೋ, ಹಾಕ್ಕೊಂಡ ಮ್ಯಾಲ ನೋಡಬೇಕ್ರಿ. ನಾ ಮಾತು ಕೊಡಂಗಿಲ್ಲ.”

ಮಿಷನ್ನಿಗೆ ಅಳತೆ ಕೊಟ್ಟು ಬಂದರು. ಮತ್ತೆ ಬರಲು ಹೇಳಿದ್ದಾರೆ.

ಮುಕ್ತಾಯ, ಅ: ಮಿಷನ್ನು ಬಂತು. ಹಾಕಿಕೊಂಡ ಕ್ಷಣ ಚೀಲ ಚರಚರ ಎಂದಿತು, ಸೊಳ್ಳೆ ಹಾಡಿತು, ತೌಸಿಫನ ಸೀನ್ ಗಾಜಿನಂತೆ ಕೇಳಿತು. ಅಬೇದಾ ನಕ್ಕಳು.

“ಜಾಹೀರಾತು ಬರದೀರೇನ್ರಿ ಅಕ್ಕಾರ?” (ಅಳಿಸಿದೆ.)

ಮುಕ್ತಾಯ, ಆ: ಕಿವಿ ಹೋದರೇನು, ಕಣ್ಣಿದೆ. ಮಕ್ಕಳ ತುಟಿ, ನಾಲಗೆ ನೋಡಿಯೇ ಅಕ್ಷರ ಹಿಡಿಯುವುದನ್ನು ಅವಳು ಕಲಿತಳು. ಮೊದಲಿಗಿಂತ ಒಳ್ಳೆಯ ಗುರುವಾದಳು. ಇದು ನನಗೆ ತುಂಬ ಇಷ್ಟವಾಗಿತ್ತು.

“ಸಾ ಅಂದಾಗ ನಾಲಗಿ ತುದಿ ಹೊರಗ ಕಾಣ್ತೈತಿ, ಖರೆ. ಸೀನ್, ಸ್ವಾದ್ ಹೊರಗಿಂದ ಹೆಂಗ ಕಾಣ್ತಾವು? ನೀವು ಒಮ್ಮೆ ಅಂದು ಕನ್ನಡ್ಯಾಗ ನೋಡ್ಕೊಳ್ರಿ.” ನೋಡಿಕೊಂಡೆ. ಅಳಿಸಿದೆ.

ಮುಕ್ತಾಯ, ಇ: ಅವಳು ಯಾರಿಗೂ ಹೇಳದೆ ಪಾಠ ನಿಲ್ಲಿಸಿದಳು. ಆರೋಗ್ಯ ಸರಿಯಿಲ್ಲ ಎಂದು ಮೆಸೇಜು ಹಾಕಿದಳು.

ಇದನ್ನು ಅವಳು ಎರಡು ಸಲ ಓದಿದಳು. “ಹಿಂಗ ಮಾಡಾಕ ನಿಂತಿದ್ನಿ,” ಎಂದಳು. “ಮೆಸೇಜೂ ಬರದಿದ್ನಿ. ಆದ್ರ ಕಳಸಲಿಲ್ಲ.”

೯

ಕಳಿಸದೆ ಅವಳು ಮಾಡಿದ್ದು ಇದು.

ಮಿಷನ್ನು ಇನ್ನೂ ಬಂದಿರಲಿಲ್ಲ. ಶಾಲೆಯ ರಜೆಗೆ ಆಯೇಶಾ ಮಗನನ್ನು ಕರೆದುಕೊಂಡು ಬಾದಾಮಿಯ ತವರಿಗೆ ಬಂದಿದ್ದಳು. ಫೋನಿನಲ್ಲಿ ಹೇಳಿದರೆ ಅವಳ ಉತ್ತರ ತನಗೆ ಪೂರ್ತಿ ಕೇಳುವುದಿಲ್ಲವೆಂದು ಅಬೇದಾ ತಾನೇ ಬಾದಾಮಿಗೆ ಹೊರಟಳು. ಮುನಾಫ ಬರುತ್ತೇನೆಂದ. ಬೇಡವೆಂದಳು. ಬಸ್ಸಿನಲ್ಲಿ ಮಹಾಕೂಟಕ್ಕೆ ಹೊರಟ ಹೆಂಗಸರು ಬಾಯ್ತುಂಬ ಮಾತಾಡಿಕೊಳ್ಳುತ್ತಿದ್ದರು. ಅರ್ಧ ಕೇಳುತ್ತಿತ್ತು, ಅರ್ಧವನ್ನು ಅವಳು ಮುಖ ನೋಡಿ ತುಂಬಿಕೊಳ್ಳುತ್ತಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಅಂದುಕೊಂಡಳು. ಬಾದಾಮಿಯಲ್ಲಿ ಇಳಿಯುವಾಗ ಮೊದಲ ಶಬ್ದವೇ ಮರೆತಿತ್ತು.

ಆಯೇಶಾ ಚಾಪೆ ಹಾಸಿದಳು, ಶರಬತ್ತು ಕೊಟ್ಟಳು. ತೌಸಿಫ ಬಾಗಿಲ ಮರೆಯಿಂದ ಇಣುಕಿದ. ಹತ್ತಿರ ಬರಲಿಲ್ಲ.

“ಅಂವ ನನಗ ಅಂಜಾಕತ್ತಾನ,” ಎಂದಳು ಅಬೇದಾ. “ಅಂಜಬಾರದಿತ್ತು. ಅವತ್ತ ಅಂವ ಸರಿ ಓದಿದ್ದ. ನಾ ತಪ್ಪು ಹೇಳಿದ್ನಿ.”

“ಬಿಡ್ರಿ ಆಪಾ, ಸ್ಪೀಕರ್ ಹೊಸಾವು ಅಂದಿದ್ರಿ, ಏನೋ—”

“ಸ್ಪೀಕರ್ ಚಲೋ ಅದಾವು. ನನ್ನ ಕಿವಿ ಹೋಗ್ಯಾವು, ಆಯೇಶಾ. ಹೊಳ್ಳಿ ಬರಂಗಿಲ್ಲಂತ. ಅದಕ್ಕೂ ಮೊದಲು ನಾ ಶಾಬಾಶ್ ಅಂದಿದ್ದು ಎಷ್ಟು ತಪ್ಪಿಗೆ ಅಂತ ನನಗ ಗೊತ್ತಿಲ್ಲ. ಅಂವಗ ಮತ್ತೊಬ್ಬರ ಕಡೆ ಪೂರಾ ಓದಸ್ರಿ. ಉಳದ ಮಕ್ಕಳ ಮನಿಗೂ ನಾನ ಹೇಳ್ತೇನಿ. ಮೊದಲ ನಿಮ್ಮ ಮನಿಗೆ ಬಂದೇನಿ.”

ಆಯೇಶಾ ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಒಳಗೆ ಅಡುಗೆಮನೆಯ ಕಡೆ ತಿರುಗಿ ತನ್ನ ತಾಯಿಗೆ ಏನೋ ಅಂದಳು. ಅಲ್ಲಿಂದ ಏನೋ ಉತ್ತರ ಬಂತು. ಮತ್ತೆ ಇತ್ತ ತಿರುಗಿ, ದುಪಟ್ಟಾದ ಹಿಂದಿನಿಂದಲೇ, ಮೆಲ್ಲಗೆ ಒಂದು ಮಾತು ಅಂದಳು.

ಅಬೇದಾಗೆ ಅದು ಕೇಳಲಿಲ್ಲ. ಕಣ್ಣು ಮಾತ್ರ ಕಾಣುತ್ತಿತ್ತು. ಕಣ್ಣಿನಿಂದ ಅದು ಸಿಟ್ಟೋ ಕನಿಕರವೋ ತಿಳಿಯಲಿಲ್ಲ. ತಲೆ ಆಡಿಸಿ ಎದ್ದುಬಿಡಬಹುದಿತ್ತು. ಅದೇ ಸುಲಭವಿತ್ತು. ಎದೆ ಹೊಡೆದುಕೊಳ್ಳುವುದು ಮಾತ್ರ ಅವಳಿಗೆ ಚೆನ್ನಾಗಿ ಕೇಳುತ್ತಿತ್ತು.

“ದುಪಟ್ಟಾ ತಗೀರಿ,” ಎಂದಳು. “ಬಾಯಿ ಕಾಣವಲ್ದು. ಇನ್ನೊಮ್ಮೆ ಹೇಳ್ರಿ.”

ಆಯೇಶಾ ದುಪಟ್ಟಾ ಇಳಿಸಿದಳು.

ಮುಂದಿನದನ್ನು ನಾನು ಎರಡು ಬಗೆಯಲ್ಲಿ ಬರೆದಿದ್ದೆ. ಒಂದರಲ್ಲಿ ಆಯೇಶಾ, ಇಷ್ಟು ತಿಂಗಳು ನಮ್ಮ ಮಗನ ಓದಿನ ಜೊತೆ ಆಟವಾಡಿದಿರಿ ಎನ್ನುತ್ತಾಳೆ. ಇನ್ನೊಂದರಲ್ಲಿ ಅಬೇದಾಳ ಕೈ ಹಿಡಿಯುತ್ತಾಳೆ. ಎರಡನ್ನೂ ತೆಗೆದುಕೊಂಡು ಇಳಕಲ್ಲಿಗೆ ಹೋದೆ. ಅಬೇದಾ ಅಡುಗೆಮನೆಯಲ್ಲಿ ಅಕ್ಕಿ ತೊಳೆಯಲು ಪಾತ್ರೆ ಹುಡುಕುತ್ತಿದ್ದಳು. ಹಾಳೆ ತೆಗೆದುಕೊಂಡು, ನಿಂತಲ್ಲೇ ಓದಿ, ನನ್ನ ಕೈಗೆ ವಾಪಸು ಕೊಟ್ಟಳು.

“ಎರಡೂ ಅಲ್ರಿ,” ಎಂದಳು. ನಳ ಬಿಟ್ಟು ನನಗೆ ಬೆನ್ನು ಮಾಡಿ ನಿಂತಳು.

“ಹಂಗಾದರೆ ಆಯೇಶಾ ಏನಂದಳು?” ಎಂದು ಕೇಳಿದೆ.

ಉತ್ತರ ಬರಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಹೇಳಲು ಮನಸ್ಸಿಲ್ಲವೋ, ಅವಳ ಬೆನ್ನು ನೋಡಿದರೆ ಗೊತ್ತಾಗುವುದಿಲ್ಲ. ನಳ ಸುರಿಯುತ್ತಲೇ ಇದೆ, ಅವಳ ಕೈ ಅಕ್ಕಿಯಲ್ಲಿ ಆಡುತ್ತಿದೆ. ಗಟ್ಟಿಯಾಗಿ ಕೂಗಿ ಕೇಳುವುದು ನನಗೆ ಇಷ್ಟವಿಲ್ಲ. ನಾನಿನ್ನೂ ಬಾಗಿಲಲ್ಲೇ ಇದ್ದೇನೆ. ಅವಳ ಮುಂದೆ ಹೋಗಿ ನಿಂತು ಕೇಳಬೇಕು. ಕೇಳಿದರೆ ಹೇಳಿಯೇಬಿಡುತ್ತಾಳೇನೋ ಎಂದು ಸ್ವಲ್ಪ ಅಂಜಿಕೆಯಾಗುತ್ತಿದೆ.